ಪುಟದಂಚಿನ ಕೆಟಲ್

ಟೀಪಾಟಿಗೆ ಹೊದಿಸುವ ಉಣ್ಣೆಯ ಟೋಪಿಯನ್ನು ಫ್ರಾನ್ ಮೇಜಿನ ಮೇಲೆ ಜಾರಿಸಿ ನೆವಿಲ್‌ನ ಮುಂದೆ ತಂದು ನಿಲ್ಲಿಸಿದಳು. ಇನ್ನು ಅದನ್ನು ತೆಗೆಯುವವರೆಗೆ ಅವನು ಬಾಯಿ ಬಿಡುವಂತಿಲ್ಲ.

"ಓದಿದ್ದಾಯ್ತಲ್ಲ ನೆವಿಲ್, ಇನ್ನು ನೀವು ಸುಮ್ನೆ ಕೂತ್ಕೊಳ್ಳಿ," ಅಂದಳು. "ಕೆಲಸ ನಮ್ಮದು."

ಅವಳ ದನಿ ದಣಿದಿತ್ತು. ಪ್ರತಿ ಮಂಗಳವಾರ ಬೆಳಿಗ್ಗೆ ಈ ಕಮ್ಮಟ ನಡೆಸಲು ಡೆವನ್‌ಪೋರ್ಟ್ ಪಟ್ಟಣದಿಂದ ಒಬ್ಬಳೇ ಕಾರು ಓಡಿಸಿಕೊಂಡು ಬರುತ್ತಾಳೆ. ಜೂನ್ ತಿಂಗಳ ಚಳಿಗಾಲದಲ್ಲಿ ಹಿಡಿದ ಕೆಮ್ಮು ಸೆಪ್ಟೆಂಬರ್ ಬಂದರೂ ಬಿಟ್ಟಿರಲಿಲ್ಲ. ಮಹಿಳಾ ಸಂಘದ ಸಭಾಂಗಣದ ಬಾಗಿಲಿಗೆ ಅವಳೇ ಬರೆದು ಅಂಟಿಸಿದ ಕಾಗದ ಬಿಸಿಲಿಗೆ ಹಳದಿಯಾಗಿತ್ತು: ‘ಕಥೆ ಕವನ ಕಮ್ಮಟ. ಎಲ್ಲ ಹಂತದ ಬರಹಗಾರರಿಗೂ ಸ್ವಾಗತ.’ ಆ ಎಲ್ಲ ಹಂತದವರು ಈಗ ನಾಲ್ಕೇ ಜನ. ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದ ಹೀದರ್. ಕಸಾಯಿಖಾನೆಯಲ್ಲಿ ಆಯುಷ್ಯ ಕಳೆದು ಈಗ ಕುದುರೆಗಳ ಮೇಲೆ ಪದ್ಯ ಬರೆಯುವ ಡಸ್ಟಿ. ತೊಡೆಯ ಮೇಲೆ ಆರು ತಿಂಗಳ ಮಗುವನ್ನು ಮಲಗಿಸಿಕೊಂಡು ಕೂರುವ ಟೆಗನ್. ಮತ್ತೆ ಈ ನೆವಿಲ್, ಮೂವತ್ತೆಂಟು ವರ್ಷ ಕೆಂಪುಮಣ್ಣಿನ ಹೊಲಗಳಿಂದ ಚಿಪ್ಸ್ ಕಾರ್ಖಾನೆಗೆ ಲಾರಿಯಲ್ಲಿ ಆಲೂಗಡ್ಡೆ ಹೊತ್ತವನು.

ಎಲ್ಲರ ಮುಂದೆಯೂ ಅವನ ಕಥೆಯ ಒಂದೊಂದು ಪ್ರತಿ ಇತ್ತು. ಪೆನ್ಸಿಲ್ಲುಗಳು ಓಡಾಡುತ್ತಿದ್ದವು. ಜೀವ ಇದೆ ಅನ್ನಿಸಿದ ಸಾಲಿಗೆ ಒಂದು ಗೀಟು. ಓದುತ್ತ ಓದುತ್ತ ಮನಸ್ಸು ಎದ್ದು ಅಡಿಗೆಮನೆಗೆ ಹೋದ ಕಡೆ, ಪುಟದ ಅಂಚಿನಲ್ಲಿ ಒಂದು ಪುಟ್ಟ ಕೆಟಲ್ ಚಿತ್ರ. ‘ಇಲ್ಲಿ ನಾನು ಟೀಗೆ ನೀರಿಡೋಕೆ ಎದ್ದೆ’ ಎಂದು ಅರ್ಥ. ಈ ಚಿತ್ರ ಡಸ್ಟಿ ಶುರು ಮಾಡಿದ್ದು. ಕೊನೆಗೆ ಎಲ್ಲ ಪ್ರತಿಗಳನ್ನೂ ಬರೆದವರಿಗೆ ಕೊಟ್ಟುಬಿಡುತ್ತಿದ್ದರು, ಮನೆಗೆ ಒಯ್ಯಲಿ ಎಂದು.

ನೆವಿಲ್‌ಗೆ ಬೇಕಾಗಿದ್ದು ಆ ಪ್ರತಿಗಳೇ.

ಅವನು ಈವರೆಗೆ ಒಂದು ಕಥೆಯನ್ನೂ ಬರೆದವನಲ್ಲ. ಬರೆಯುತ್ತಿದ್ದವಳು ಅವನ ಹೆಂಡತಿ ಬೆರಿಲ್. ಎರಡು ವರ್ಷದ ಹಿಂದೆ ಮೊದಲ ದಿನ ಈ ಸಭಾಂಗಣದ ಮುಂದೆ ಗಾಡಿ ನಿಲ್ಲಿಸಿದಾಗ ಅವಳು ಸೀಟಿನಲ್ಲಿ ಕುಗ್ಗಿ ಕೂತುಬಿಟ್ಟಿದ್ದಳು. "ನಾನು ಒಳಗೆ ಬರಲ್ಲಪ್ಪ. ಹದಿನಾಲ್ಕಕ್ಕೇ ಶಾಲೆ ಬಿಟ್ಟವಳು ನಾನು. ನೀನೇ ಕೊಟ್ಟು ಬಾ." ಅವನು ಕಾಗದ ಹಿಡಿದು ಒಳಗೆ ಹೋದ. ಹೆಸರು ಬರೆಯದೆ ತರಬೇಕೆಂದು ನಿಯಮ. ಆದ್ದರಿಂದ ಕಾಗದದ ಮೇಲೆ ಹೆಸರಿರಲಿಲ್ಲ. ಫ್ರಾನ್ ಅವನನ್ನೇ ಕೂರಿಸಿ, ಓದಿಸಿ, ಉಣ್ಣೆಯ ಟೋಪಿಯನ್ನು ಮುಂದಿಟ್ಟಳು. ಅವನು ಬಾಯಿ ತೆರೆದ. ಅವಳು ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಟೋಪಿ ತೆಗೆಯುವ ಹೊತ್ತಿಗೆ ಮುಕ್ಕಾಲು ಗಂಟೆಯಾಗಿತ್ತು, ಹೀದರ್ ಕಣ್ಣೊರೆಸಿಕೊಂಡಿದ್ದಳು, ಇದು ನನ್ನದಲ್ಲ ಎನ್ನಲು ಅವನಿಗೆ ನಾಲಿಗೆ ಏಳಲಿಲ್ಲ. "ಥ್ಯಾಂಕ್ಸ್," ಅಂದು ಎದ್ದು ಬಂದ.

ವಿಷಯ ಕೇಳಿ ಬೆರಿಲ್ ಗಾಡಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಹಾಗೇ ಇರ್ಲಿ ಬಿಡು. ಮುಖ ನಿಂದು, ಕೈ ನಂದು." ಆಮೇಲೆ ದಾರಿಯುದ್ದಕ್ಕೂ ಅಂಚಿನ ಟಿಪ್ಪಣಿಗಳನ್ನು ಗಟ್ಟಿಯಾಗಿ ಓದಿದಳು. ಅಂದಿನಿಂದ ಪ್ರತಿ ಮಂಗಳವಾರ ಅವನು ಮನೆಗೆ ಬರುವ ಹೊತ್ತಿಗೆ ಅವಳು ಗೇಟಿನಲ್ಲೇ ನಿಂತಿರುತ್ತಿದ್ದಳು. ಹೊಗಳಿಕೆಗಿಂತ ಕೆಟಲ್ಲುಗಳನ್ನು ಮೊದಲು ಹುಡುಕುತ್ತಿದ್ದಳು. "ಹೀದರ್ ಸರಿಯಾಗೇ ಹೇಳಿದಾಳೆ ನೋಡು. ಇಲ್ಲಿ ನಂಗೂ ನಿದ್ದೆ ಬಂದಿತ್ತು," ಅನ್ನುತ್ತ ಹೊಸ ಪೆನ್ಸಿಲ್ ಹೆರೆಯುತ್ತಿದ್ದಳು.

ಜುಲೈಯಲ್ಲಿ ಅವಳಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಉಳಿದದ್ದು ಒಂದೇ ಒಂದು ಪದ, ‘ಮಂಗಳವಾರ’. ನೀರು ಬೇಕೆಂದರೂ ಮಂಗಳವಾರ, ಬೇಡವೆಂದರೂ ಮಂಗಳವಾರ. "ಹೀಗೆ ಯಾವುದೋ ಒಂದು ಪದ ಸಿಕ್ಕಿಹಾಕ್ಕೊಳ್ಳುತ್ತೆ, ಅದಕ್ಕೆ ಅರ್ಥ ಹುಡುಕೋಕೆ ಹೋಗ್ಬೇಡಿ," ಎಂದು ಡಾಕ್ಟರು ಹೇಳಿದ್ದರು. ಎಡಗೈಯಲ್ಲಿ ಬರೆಯಲು ಕಲಿಯಲಿ ಎಂದು ಆಸ್ಪತ್ರೆಯಿಂದ ಒಬ್ಬ ಹುಡುಗಿ ಬಂದು ನೋಟ್‌ಬುಕ್ಕು ಕೊಟ್ಟು ಹೋದಳು. ಬೆರಿಲ್ ಅದನ್ನು ಮುಟ್ಟಲಿಲ್ಲ. ಪೆನ್ಸಿಲನ್ನು ಕೈಗಿಟ್ಟರೆ ಬೀಳಿಸಿ, ಮುಖವನ್ನು ಕಿಟಕಿಯ ಕಡೆ ತಿರುಗಿಸುತ್ತಿದ್ದಳು. ಎರಡು ತಿಂಗಳಿಂದ ಇದೇ ಆಗಿತ್ತು. ಅವಳಿಗೆ ಸ್ನಾನ ಮಾಡಿಸಿ, ಊಟ ಮಾಡಿಸಿ, ಬಟ್ಟೆ ಒಗೆದು, ನೆವಿಲ್‌ಗೆ ನಿಂತಲ್ಲೇ ಜೋಂಪು ಹತ್ತುತ್ತಿತ್ತು.

ಡ್ರಾಯರಿನಲ್ಲಿ ಅವನಿಗೆ ಅವಳ ಅರ್ಧ ಕಥೆ ಸಿಕ್ಕಿತ್ತು. ತಾಯಿ ಬಟ್ಟೆ ಕುದಿಸುವ ದಿನದ ಕಥೆ. ‘ಅಮ್ಮ ಹಂಡೆಯ ಮುಚ್ಚಳ ಎತ್ತಿ’ ಎಂಬಲ್ಲಿಗೆ ನಿಂತುಹೋಗಿತ್ತು. ನೆವಿಲ್ ಅಡಿಗೆಮನೆಯ ಮೇಜಿನ ಮುಂದೆ ಮೂರು ವಾರ ಕೂತು ಉಳಿದದ್ದನ್ನು ತಾನೇ ಬರೆದ. ಕಥೆ ಮುಗಿದರೆ ಕಮ್ಮಟಕ್ಕೆ ಒಯ್ಯಬಹುದು. ಒಯ್ದರೆ ಅಂಚು ತುಂಬಿದ ಪ್ರತಿಗಳು ಮನೆಗೆ ಬರುತ್ತವೆ. ಅವನ್ನು ನೋಡಿದರೆ ಅವಳು ಕಿಟಕಿಯಿಂದ ಮುಖ ತಿರುಗಿಸಬಹುದು. ಇದಕ್ಕಿಂತ ಹೆಚ್ಚಿನದನ್ನು ಆಸೆಪಡುವ ಶಕ್ತಿಯೂ ಅವನಲ್ಲಿ ಉಳಿದಿರಲಿಲ್ಲ.

"ನಾನು ಹೇಳ್ಲಾ?" ಟೆಗನ್ ಮಗುವನ್ನು ಭುಜಕ್ಕೆ ಹಾಕಿಕೊಂಡಳು. "ಮೊದಲ ಪುಟದಲ್ಲಿ ಆ ತಾಯಿ ಹಂಡೆ ಆವಿಯಲ್ಲಿ ಮುಖ ಇಟ್ಕೊಂಡು ನಿಲ್ತಾಳಲ್ಲ, ಅತ್ತಿದ್ದು ಮಕ್ಕಳಿಗೆ ಕಾಣಬಾರ್ದು ಅಂತ. ಅದನ್ನ ಓದಿ ನಂಗೆ ಮುಂದಕ್ಕೆ ಹೋಗಕ್ಕೇ ಆಗ್ಲಿಲ್ಲ. ನಾನೂ ಬಾತ್‌ರೂಮಲ್ಲಿ ಬಿಸಿನೀರು ಬಿಟ್ಕೊಂಡು ನಿಂತ್ಕೋತೀನಿ, ಇವನು ಮಲಗಿದಾಗ."

ಯಾರೂ ಅವಳ ಮುಖ ನೋಡಲಿಲ್ಲ. ಡಸ್ಟಿ ಬಿಸ್ಕತ್ತಿನ ತಟ್ಟೆಯನ್ನು ಮೆಲ್ಲಗೆ ಅವಳ ಕಡೆ ತಳ್ಳಿದ.

"ಸರಿ, ನನ್ನ ಸರದಿ," ಅಂದ ಡಸ್ಟಿ. "ಮೊದಲ ಪುಟ ಬಲೇ ಚೆನ್ನಾಗಿದೆ ಕಣಯ್ಯಾ. ಆದ್ರೆ ಆಮೇಲೆ ನೀನು..."

"ಡಸ್ಟಿ!" ಫ್ರಾನ್ ಎಚ್ಚರಿಸಿದಳು. ಇಲ್ಲಿ ‘ನೀನು’ ಅನ್ನಬಾರದು. ‘ಕಥೆ ಹೇಳುವವರು’ ಅನ್ನಬೇಕು.

"ಆಯ್ತಮ್ಮಾ ಆಯ್ತು. ಈ ಕಥೆ ಹೇಳೋ ಮಹಾಶಯರು, ಆ ಹೆಂಗಸು ಮುಚ್ಚಳ ಎತ್ತಿದ ಮೇಲೆ ನಮ್ಮನ್ನ ಎಲ್ಲಿಗೆ ಕರ್ಕೊಂಡು ಹೋದ್ರು? ಆಲೂಗಡ್ಡೆಗೆ! ಗಂಡ ಮನೆಗೆ ಬಂದ, ಎಲ್ಲಾ ಸರಿಹೋಯ್ತು, ಕುರಿಮಾಂಸದ ಜೊತೆ ಆಲೂಗಡ್ಡೆ ಹುರಿದ್ರು. ಯಾವ ಜಾತಿ ಆಲೂಗಡ್ಡೆ, ಯಾವ ಹೊಲದ್ದು, ಹುರಿದ್ರೆ ಹೆಂಗಿರುತ್ತೆ, ಅರ್ಧ ಪುಟ! ಆ ತಾಯಿ ಏನಾದ್ಲು ಅಂತ ನಾನಿಲ್ಲಿ ಕಾಯ್ತಾ ಇದ್ರೆ ನನ್ನ ಮೇಲೆ ಒಂದು ಲಾರಿ ಲೋಡು ಸುರಿದುಬಿಟ್ರು. ಮೂರು ಕೆಟಲ್ ಬರೆದಿದೀನಿ ನೋಡಿ. ಒಂದಕ್ಕೆ ಹೊಗೆ ಬೇರೆ ಹಾಕಿದೀನಿ."

ಟೆಗನ್ ನಕ್ಕಳು. ಫ್ರಾನ್ ಕೂಡ ನಗು ತಡೆಯಲು ಕೆಮ್ಮಿದಳು. ನೆವಿಲ್ ಉಣ್ಣೆಯ ಟೋಪಿಯ ತುದಿಯ ಗೊಂಡೆಯನ್ನು ಹಿಡಿದುಕೊಂಡು ಕೂತ.

ಹೀದರ್ ನಗಲಿಲ್ಲ. ಕನ್ನಡಕ ತೆಗೆದು ಕಾಗದದ ಮೇಲಿಟ್ಟಳು. "ನಂಗೆ ಬೇರೇನೇ ಅನ್ನಿಸ್ತು. ‘ಮುಚ್ಚಳ ಎತ್ತಿ’ ಅನ್ನೋವರೆಗೂ ಒಬ್ರು ಹೇಳ್ತಿದ್ರು. ಅಲ್ಲಿಂದ ಮುಂದೆ ಇನ್ನೊಬ್ರು. ಈ ಎರಡನೆಯವರಿಗೆ ಆ ತಾಯಿ ಅಳೋದನ್ನ ನೋಡೋಕೆ ಆಗ್ತಿಲ್ಲ. ಅದಕ್ಕೇ ಗಡಿಬಿಡೀಲಿ ಊಟಕ್ಕೆ ಕೂರಿಸ್ಬಿಡ್ತಾರೆ. ಪಾಪ, ಒಳ್ಳೆಯವರೇ. ಆದ್ರೆ ಕಥೆ ಅಲ್ಲೇ ಸತ್ತುಹೋಗುತ್ತೆ."

ಸಭಾಂಗಣದ ಮೂಲೆಯಲ್ಲಿ ನೀರು ಕಾಯಿಸುವ ದೊಡ್ಡ ಪಾತ್ರೆ ಗುಂಯ್ ಅನ್ನುತ್ತಿತ್ತು. ಸಮುದ್ರದ ಗಾಳಿಗೆ ಕಿಟಕಿ ಅಲುಗಾಡಿತು. ಫ್ರಾನ್ ತಲೆ ಎತ್ತಿ ನೆವಿಲ್‌ನನ್ನು ಒಂದು ಕ್ಷಣ ನೋಡಿದಳು. ಅವನು ಅಂಗಿಯ ಗುಂಡಿಗಳನ್ನು ಒಂದು ತೂತು ತಪ್ಪಿಸಿ ಹಾಕಿಕೊಂಡಿದ್ದ. ಎದ್ದು ಬಂದು ಟೋಪಿಯನ್ನು ಅವನ ಕೈಯಿಂದ ಮೆತ್ತಗೆ ಬಿಡಿಸಿಕೊಂಡಳು.

"ಈಗ ನೀವು ಮಾತಾಡಬಹುದು ನೆವಿಲ್. ಏನಾದ್ರೂ ಹೇಳ್ಬೇಕು ಅನ್ನಿಸಿದ್ರೆ."

ಹೇಳಬೇಕಾದ್ದು ಇತ್ತು. ಆದರೆ ಎಲ್ಲಿಂದ ತೊಡಗಬೇಕೆಂದು ತೋಚದಷ್ಟು ಅವನಿಗೆ ಸುಸ್ತಾಗಿತ್ತು.

"ಥ್ಯಾಂಕ್ಸ್," ಅಂದ.

ಚಹಾ ಕುಡಿದು ಎಲ್ಲರೂ ಎದ್ದರು. ಡಸ್ಟಿ ಅವನ ಬೆನ್ನ ಮೇಲೊಂದು ಗುದ್ದಿ, "ಬೇಜಾರು ಮಾಡ್ಕೋಬೇಡ ಕಣೋ ನೆವ್, ನನ್ನ ಕುದುರೆಗೆ ಹೋದ್ವಾರ ಹೀದರ್ ಆರು ಕೆಟಲ್ ಹಾಕಿದ್ಲು," ಅಂದು ಹೋದ. ನೆವಿಲ್ ಕೋಟು ಹಾಕಿಕೊಳ್ಳುತ್ತಿದ್ದಾಗ ಫ್ರಾನ್ ಬಂದಳು. ಅವಳು ಮನೆಯಲ್ಲೇ ಮಾಡಿ ತಂದಿದ್ದ ನಿಂಬೆಹಣ್ಣಿನ ಕೇಕಿನ ಒಂದು ತುಂಡನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿ, ಮೂಲೆಗಳನ್ನು ನೀಟಾಗಿ ಮಡಿಚಿದ್ದಳು.

"ಇದು ನಿಮಗಲ್ಲ," ಅಂದಳು. "ಮೊದಲರ್ಧ ಬರೆದವರಿಗೆ."

ಅವನು ಅವಳನ್ನೇ ನೋಡಿದ. ಎಂದಿನಿಂದ ಗೊತ್ತಿತ್ತು ಎಂದು ಕೇಳಬೇಕೆನ್ನಿಸಿತು. ಅಷ್ಟರಲ್ಲಿ ಅವಳು ತಿರುಗಿ ಕಪ್ಪುಗಳನ್ನು ತೊಳೆಯಲು ಹೋಗಿದ್ದಳು.

ದಾರಿಯಲ್ಲಿ ಕಡಲಿಗೆದುರಾಗಿ ಗಾಡಿ ನಿಲ್ಲಿಸಿ ಅವನು ಪ್ರತಿಗಳನ್ನು ತೆಗೆದ. ನಾಲ್ಕರಲ್ಲೂ ಮೊದಲ ಪುಟದ ತುಂಬ ಗೀಟುಗಳು. ಎರಡನೆಯದರ ತುಂಬ ಕೆಟಲ್ಲುಗಳು. ಹೀದರ್ ಕೆಟಲ್ ಬರೆಯುವ ಗೋಜಿಗೂ ಹೋಗದೆ ಒಂದು ಉದ್ದ ಗೆರೆ ಎಳೆದು ‘ಯಾರಿವರು?’ ಎಂದು ಬರೆದಿದ್ದಳು. ಇದನ್ನು ಬೆರಿಲ್‌ಗೆ ಹೇಗೆ ತೋರಿಸುವುದು? ಅವಳ ತಾಯಿಯ ಕಥೆಯನ್ನು ತಾನು ಹಾಳುಮಾಡಿದೆನಲ್ಲ. ಇದನ್ನು ನೋಡಿ ಅವಳು ಮತ್ತೆ ಕಿಟಕಿಯ ಕಡೆ ತಿರುಗಿಬಿಟ್ಟರೆ, ಇನ್ನು ತಿರುಗಿಸಲು ಅವನ ಬಳಿ ಬೇರೆ ಏನೂ ಇರಲಿಲ್ಲ.

ಜೇಬಿನ ಪೆನ್ಸಿಲ್ಲಿನ ತುದಿಯ ರಬ್ಬರಿನಿಂದ ಟೆಗನ್‌ಳ ಪ್ರತಿಯ ಒಂದು ಕೆಟಲ್ಲನ್ನು ಉಜ್ಜತೊಡಗಿದ. ಹಿಡಿಕೆ ಹೋಯಿತು, ಮುಚ್ಚಳ ಹೋಯಿತು. ಪೂರ್ತಿ ಹೋಗಲಿಲ್ಲ, ಟೆಗನ್ ಒತ್ತಿ ಬರೆದಿದ್ದಳು, ಕಾಗದದಲ್ಲಿ ಅಚ್ಚು ಉಳಿಯಿತು. ಇನ್ನೂ ಅಷ್ಟೊಂದಿವೆ. ಅವನ ಕೈ ಸೋತಿತು. ರಬ್ಬರಿನ ಪುಡಿಯನ್ನು ತೊಡೆಯ ಮೇಲಿಂದ ಕೊಡವಿ ಗಾಡಿ ಹೊರಡಿಸಿದ.

ಬೆರಿಲ್ ಜೊತೆಗೆ ಕೂತಿದ್ದ ಪಕ್ಕದ ಮನೆಯ ಮಾವಿಸ್, "ಸೂಪು ಒಂದೆರಡು ಚಮಚ ಕುಡಿದ್ಲು ಅಷ್ಟೆ. ನಿನ್ನ ಪಾಲು ಮುಚ್ಚಿಟ್ಟಿದೀನಿ, ಮೊದಲು ತಿನ್ನು," ಅಂದು ಹೆಣಿಗೆ ಸುತ್ತಿಕೊಂಡು ಹೋದಳು. ಬೆರಿಲ್ ಕಿಟಕಿಯ ಪಕ್ಕ ಕೂತಿದ್ದಳು. ಹೊರಗೆ ಬೇಲಿಯ ಮೇಲೆ ವಾಟಲ್ ಗಿಡ ಹಳದಿ ಹೂ ಸುರಿಸಿತ್ತು.

"ಮಂಗಳವಾರ," ಅಂದಳು, ತಿರುಗಿ ನೋಡದೆ.

"ಹೂಂ, ಮಂಗಳವಾರಾನೇ. ಹೋಗಿದ್ದೆ." ಅವನು ಕುರ್ಚಿ ಎಳೆದುಕೊಂಡು ಕೂತ. "ನಿನ್ನ ಹಂಡೆ ಕಥೆ ಒಯ್ದಿದ್ದೆ ಬೆರಿಲ್. ನಿನ್ನ ಕೇಳ್ದೇನೆ. ಉಳಿದಿದ್ದು ನಾನೇ ಬರೆದೆ. ಬಯ್ಯಬೇಕು ಅನ್ನಿಸಿದ್ರೆ ಬಯ್ಯಿ."

ಅವಳ ಮುಖ ತಿರುಗಿತು. ಎಡಗೈ ಚಾಚಿದಳು. ಅವನು ಕೈಗೆ ಸಿಕ್ಕ ಪ್ರತಿಯನ್ನು ಕೊಟ್ಟು, ಅವಳ ತೊಡೆಯ ಮೇಲೆ ಟ್ರೇ ಇಟ್ಟ. ಟೆಗನ್‌ಳ ಪ್ರತಿ ಅದು.

ಅವಳು ನಿಧಾನವಾಗಿ ಓದಿದಳು. ಆವಿಯ ಸಾಲಿನ ಪಕ್ಕ ಟೆಗನ್ ಬರೆದ ‘ನಾನೂ’ ಎಂಬ ಒಂದೇ ಪದದ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತಳು. ಆಮೇಲೆ ಎರಡನೆಯ ಪುಟಕ್ಕೆ ಬಂದಳು. ಗಂಡ ಮನೆಗೆ ಬಂದ. ಎಲ್ಲ ಸರಿಹೋಯಿತು. ಆಲೂಗಡ್ಡೆ ಹೊರಗೆ ಗರಿಗರಿ, ಒಳಗೆ ಹತ್ತಿಯಂತೆ ಮೃದು. ಅವಳ ಬಾಯಿಯ ಒಂದು ತುದಿ ಅದುರಿತು. ಗಂಟಲಿಂದ ಒಂದು ಸದ್ದು ಹೊರಬಂತು. ಅಳು ಎಂದುಕೊಂಡು ನೆವಿಲ್ ಕರವಸ್ತ್ರಕ್ಕೆ ಕೈಹಾಕಿದ. ಅಳುವಲ್ಲ. ಭುಜ ಕುಲುಕುತ್ತಿತ್ತು. ಎರಡು ತಿಂಗಳ ಮೇಲೆ ಅವಳು ನಗುತ್ತಿದ್ದಳು.

"ಡಸ್ಟೀನೂ ನಕ್ಕ," ಅಂದ ಅವನು. "ಲಾರಿ ಲೋಡು ಸುರಿದೆ ಅಂದ."

ನಗು ನಿಂತಿತು. ಅವಳ ಬೆರಳು ಅಂಚಿನಲ್ಲಿ ಉಜ್ಜಿ ಮಾಸಿದ ಜಾಗದ ಮೇಲೆ ಬಂದು ನಿಂತಿತ್ತು. ಬಗ್ಗಿ ನೋಡಿದಳು. ಆಮೇಲೆ ಅವನನ್ನು ನೋಡಿದಳು.

"ನಾನೇ ಒರೆಸ್ದೆ," ಅಂದ ನೆವಿಲ್. "ನಿಂಗೆ ಬೇಜಾರಾಗುತ್ತೆ ಅಂತ."

"ಮಂಗಳವಾರ!" ಅಂದಳು. ಸಂಸಾರದ ಐವತ್ತು ವರ್ಷಗಳಲ್ಲಿ ಎಷ್ಟೋ ಸಲ ಬೈಸಿಕೊಂಡ ದನಿ ಅದು. ಅವನಿಗೆ ಅನುವಾದ ಬೇಕಿರಲಿಲ್ಲ. ಮತ್ತೆ ಕೈ ಚಾಚಿ ಬೆರಳುಗಳನ್ನು ಆಡಿಸಿದಳು. ಅವನು ಜೇಬಿನಿಂದ ಪೆನ್ಸಿಲ್ ತೆಗೆದು ಕೊಟ್ಟ.

ಎಡಗೈಯ ಬೆರಳುಗಳು ಅದನ್ನು ಚಮಚದಂತೆ ಹಿಡಿದವು. ಕಾಗದದಲ್ಲಿ ಉಳಿದಿದ್ದ ಅಚ್ಚಿನ ಮೇಲೆಯೇ, ತಗ್ಗಿನಲ್ಲಿ ನೀರು ಹರಿಯುವ ಹಾಗೆ, ಸೀಸದ ತುದಿ ನಡುಗುತ್ತ ಹೊರಟಿತು. ಹೊಟ್ಟೆ. ಮೂತಿ. ಹಿಡಿಕೆ ಅಚ್ಚು ಬಿಟ್ಟು ಆಚೆ ಹೋಯಿತು, ಹೇಗೋ ವಾಪಸು ಬಂತು. ಮುಗಿಸಿ ಉಸಿರು ಬಿಟ್ಟಳು. ಆಮೇಲೆ ಆಲೂಗಡ್ಡೆಯ ಸಾಲಿನ ಪಕ್ಕ, ಯಾವ ಅಚ್ಚೂ ಇಲ್ಲದ ಕಡೆ, ಇನ್ನೊಂದು ಬರೆದಳು. ಅದರ ಮೂತಿ ತಪ್ಪು ದಿಕ್ಕಿಗಿತ್ತು.

"ಗೊತ್ತಾಯ್ತು ತಾಯಿ," ಅಂದು ನೆವಿಲ್ ಮಂಡಿ ಹಿಡಿದುಕೊಂಡು ಎದ್ದ. ಫ್ರಾನ್ ಕೊಟ್ಟ ಕೇಕನ್ನು ಬಿಚ್ಚಿ ತಟ್ಟೆಯಲ್ಲಿಟ್ಟ. ನಲ್ಲಿ ತಿರುಗಿಸಿ ಕೆಟಲ್ ತುಂಬಿಸಿ, ನೀರು ಕಾಯಲಿಟ್ಟ.

ತಿರುಗಿ ನೋಡಿದಾಗ ಅವಳು ಪುಟವನ್ನು ಹಿಂದಕ್ಕೆ ಮಗುಚಿದ್ದಳು. ಪೆನ್ಸಿಲ್ ‘ಎತ್ತಿ’ ಎಂಬ ಪದದ ಪಕ್ಕಕ್ಕೆ ಬಂದು ನಿಂತಿತ್ತು, ಕಾಗದಕ್ಕೆ ತಾಗಿಯೂ ತಾಗದಂತೆ. ನೀರು ಕುದಿದು, ಕೆಟಲ್ ಟಕ್ಕೆಂದು ತಾನಾಗಿ ಆರಿತು. ಕಪ್ಪು ತೆಗೆದರೆ ಸದ್ದಾದೀತೆಂದು ಅವನು ಆವಿಯ ಪಕ್ಕದಲ್ಲೇ ನಿಂತ.