ಮೇಲೆ, ಎಡ, ಕೆಳಗೆ, ಬಲ

ನೂರಹನ್ನೆರಡು ಮಕ್ಕಳು. ಒಬ್ಬರಿಗೂ ಕನ್ನಡಕ ಬೇಡ.

ಮೂರನೆಯ ದಿನ ಬೆಳಿಗ್ಗೆ ರಿಜಿಸ್ಟರ್ ನೋಡಿ ನಮ್ಮ ವಿದ್ಯಾರ್ಥಿಗಳಿಗೆ ಖುಷಿಯೋ ಖುಷಿ. ಕಣ್ಣಿನ ತಪಾಸಣೆ ಕಲಿಯುತ್ತಿರುವ ಏಳು ಮಂದಿ ಅವರು. ಸಮುದ್ರದಾಚೆ ನಮ್ಮದೇ ಭಾಷೆ ಮಾತಾಡುವವರ ಈ ಶಾಲೆಗೆ ನಮ್ಮ ಮಿಷನ್ ಕಾಲೇಜಿನ ತಂಡ ಪ್ರತಿವರ್ಷ ಬರುತ್ತದೆ. ಹೋದ ವರ್ಷದವರೆಗೆ ಕರೆತರುತ್ತಿದ್ದವನು ನನ್ನ ಗಂಡ. ಅವನು ತೀರಿಕೊಂಡು ಎಂಟು ತಿಂಗಳಾಯಿತು. ಜೊತೆಗೊಬ್ಬರು ಹಿರಿಯರಿರಬೇಕೆಂದು ನನ್ನನ್ನು ಕೇಳಿದರು. ನನಗೆ ಇಪ್ಪತ್ತೊಂಬತ್ತು. ಬೇಡ ಎನ್ನಲೂ ಶಕ್ತಿ ಬೇಕು. ಬಂದೆ.

"ಇಲ್ಲಿನ ಮೀನಲ್ಲೇ ಏನೋ ಇದೆ ಮೇಡಂ," ಎಂದಳು ಲೌಡ್‌ಸ್ಪೀಕರ್. ತಂಡದವರು ಅವಳಿಗಿಟ್ಟ ಹೆಸರು ಅದು.

"ಹಾಗಾದ್ರೆ ಪೆಟ್ಟಿಗೆ ತುಂಬ ಕನ್ನಡಕ ಹೊತ್ಕೊಂಡು ಬಂದಿದ್ದು ಯಾರಿಗೆ, ಮೀನಿಗಾ?" ಎಂದ ಇನ್ನೊಬ್ಬ.

ನಾನು ಓದಿದ್ದು ಸಂಖ್ಯಾಶಾಸ್ತ್ರ. ಇಷ್ಟು ಮಕ್ಕಳಲ್ಲಿ ಏಳೆಂಟು ಮಂದಿಗಾದರೂ ಬೇಕಾಗಬೇಕು. ಗೊತ್ತಿತ್ತು, ಹೇಳಲಿಲ್ಲ. ಹೇಳುವ ಅಭ್ಯಾಸ ತಪ್ಪಿಹೋಗಿತ್ತು.

ಆಗ ಬಾಗಿಲಲ್ಲಿ ಗುಬ್ಬಿ ಕಾಣಿಸಿಕೊಂಡಳು. ನಾಲ್ಕನೇ ಕ್ಲಾಸು, ಕಡ್ಡಿಯಂಥ ಹುಡುಗಿ. "ಅಜ್ಜೀ, ಒಂದು ಪೆನ್ಸಿಲ್ ಕೊಡಿ."

ಹಿಂದೆಯೇ ಟೀಚರ್ ಬಂದರು. "ಬಾಯಿ ನೋಡಿ ಇದರದ್ದು! ಮೂರು ದಿನದಿಂದ ನಿಮಗೆ ಅಜ್ಜಿ ಅಂತಿದ್ದಾಳೆ. ಬೋರ್ಡ್ ಮೇಲೆ ಹದಿನೇಳು ಬರೆದ್ರೆ ಇವಳ ಪುಸ್ತಕದಲ್ಲಿ ಹನ್ನೊಂದು. ಕಣ್ಣೇನೋ ಅಂದ್ಕೊಂಡಿದ್ದೆ. ನಿಮ್ಮವರೇ ಚೆನ್ನಾಗಿದೆ ಅಂದ್ರು. ಬರೀ ಸೋಮಾರಿತನ. ಸೋಮವಾರದಿಂದ ಎರಡನೇ ಕ್ಲಾಸಲ್ಲಿ ಕೂರ್ತಾಳೆ."

"ಬೇಡ ಟೀಚರ್, ಅಲ್ಲಿ ನನ್ನ ತಂಗಿ ಇದ್ದಾಳೆ!" ಗುಬ್ಬಿ ಟೀಚರ್ ಸೆರಗು ಹಿಡಿದಳು.

ನಾನು ನನ್ನನ್ನೇ ನೋಡಿಕೊಂಡೆ. ಬೂದು ಶಾಲು, ಬಗ್ಗಿದ ಬೆನ್ನು. ದೂರದಿಂದ ಸರಿ. ಆದರೆ ಅವಳು ನಿಂತಿದ್ದು ನಾಲ್ಕೇ ಹೆಜ್ಜೆಯಾಚೆ.

"ಪುಟ್ಟಿ, ನನ್ನ ಮುಖ ಹೇಗಿದೆ?"

"ಮುಖಾನಾ?" ಯೋಚಿಸಿದಳು. "ಅಜ್ಜಿ ಮುಖದ ಥರ."

ಅವಳನ್ನು ಸೀಮೆಸುಣ್ಣದ ಗೆರೆಯ ಮೇಲೆ ನಿಲ್ಲಿಸಿದೆ. ಎದುರು ಗೋಡೆಯ ಪಟದಲ್ಲಿ ಅಕ್ಷರಗಳಿಲ್ಲ. ಮೂರು ಹಲ್ಲಿನ ಬಾಚಣಿಗೆಯಂಥ ಗುರುತು, ಸಾಲಿನಿಂದ ಸಾಲಿಗೆ ಚಿಕ್ಕದಾಗುತ್ತದೆ. ಹಲ್ಲು ಯಾವ ಕಡೆಗಿದೆಯೆಂದು ಮಕ್ಕಳು ಹೇಳಬೇಕು.

"ಮೇಲೆ, ಎಡ, ಕೆಳಗೆ, ಬಲ, ಬಲ, ಮೇಲೆ..." ಉಸಿರು ಬಿಡದೆ ಕೊನೆಯ ಸಾಲಿಗೆ ಬಂದಳು. ಕೈಯೂ ಜೊತೆಗೆ ಆಡಿತು. ಅಂಗಳದಲ್ಲಿದ್ದ ಮಕ್ಕಳೂ ದನಿಗೂಡಿಸಿದರು.

"ಇದೇನು ಟೀಚರ್?"

"ಬೆಳಗಿನ ಡ್ರಿಲ್ಲು! ಹೋದ ವರ್ಷ ನಿಮ್ಮ ಯಜಮಾನ್ರು ಪಟ ಇಲ್ಲೇ ಬಿಟ್ಟು ಹೋದ್ರಲ್ಲ. ಸುಮ್ನೆ ಯಾಕೆ ದಂಡ ಅಂತ ದಿನಾ ಮಾಡಿಸ್ತೀನಿ. ಎಲ್ಲರಿಗೂ ಬಾಯಿಪಾಠ!"

ನಮ್ಮವರ ಮುಖ ಇಂಗು ತಿಂದ ಮಂಗನ ಹಾಗಾಯಿತು. ಪಟ ಇಲ್ಲೇ ಇದೆಯೆಂದು ಕಾಲೇಜಿನಲ್ಲಿ ಹೇಳಿದ್ದರಿಂದ ಅವರು ಬೇರೆ ತಂದಿರಲಿಲ್ಲ.

ಮೂರು ದಿನ ನಾನು ಆ ಗೋಡೆಯತ್ತ ನೋಡಿರಲಿಲ್ಲ. ಪಟದ ಮೂಲೆಯಲ್ಲಿ ಅವನ ಕೈಬರಹ: 'ಮಕ್ಕಳಿಗೆ. ಇಲ್ಲೇ ಇರಲಿ.' ನಾಲ್ಕು ಪಿನ್ನು ಕಿತ್ತೆ. ಪಟವನ್ನು ತಲೆಕೆಳಗೆ ಮಾಡಿ ಚುಚ್ಚಿದೆ. ಚಿಕ್ಕ ಸಾಲು ಮೇಲೆ, ದೊಡ್ಡದು ಕೆಳಗೆ.

"ಈಗ ಹೇಳು."

ಗುಬ್ಬಿ ಒಂದು ಕ್ಷಣ ತಡವರಿಸಿದಳು. ಟೀಚರ್ ಕಡೆಗೊಮ್ಮೆ ತಿರುಗಿದಳು. ಆಮೇಲೆ ಎದೆ ಉಬ್ಬಿಸಿ, "ಮೇಲೆ, ಎಡ, ಕೆಳಗೆ, ಬಲ..."

"ಅಯ್ಯೋ ಮೇಡಂ," ಎಂದಳು ಲೌಡ್‌ಸ್ಪೀಕರ್, ಮೊದಲ ಬಾರಿಗೆ ಮೆಲ್ಲಗೆ.

ಒಳ್ಳೆಯದು ಮಾಡಲು ಹೋಗಿ ಎಡವಟ್ಟು ಮಾಡುವುದರಲ್ಲಿ ಅವನದು ಎತ್ತಿದ ಕೈ. ನಕ್ಕುಬಿಟ್ಟೆ. ಕೋಣೆಯಲ್ಲಿ ಯಾರು ನಕ್ಕರೆಂದು ತಿಳಿಯಲು ನನಗೇ ತುಸು ಹೊತ್ತಾಯಿತು.

ಟೀಚರ್ ಬೆಂಚಿನ ಮೇಲೆ ಕುಸಿದರು. "ಎಷ್ಟು ಬೈದೆ ಇವಳನ್ನ."

ಲೌಡ್‌ಸ್ಪೀಕರ್ ಒಂದೊಂದೇ ಗಾಜು ಬದಲಿಸುತ್ತ, "ಇದಾ? ಇದಾ?" ಎಂದು ಕೇಳುತ್ತ ಹೋದಳು. ಅರ್ಧ ಗಂಟೆ ಹಿಡಿಯಿತು. ಪೆಟ್ಟಿಗೆಯಲ್ಲಿ ಗುಬ್ಬಿಯ ಪವರಿನ ಕೆಂಪು ಕನ್ನಡಕವೊಂದಿತ್ತು. ಗುಬ್ಬಿ ಹಾಕಿಕೊಂಡು ನನ್ನನ್ನು ನೋಡಿದಳು. ಹತ್ತಿರ ಬಂದು ನೋಡಿದಳು, ಮತ್ತೆ ಬಾಗಿಲವರೆಗೆ ಹೋಗಿ ನೋಡಿದಳು.

"ಟೀಚರ್! ಇವರು ಅಜ್ಜಿ ಅಲ್ಲ, ಅಕ್ಕ!"

"ಈಗ ಗೊತ್ತಾಯ್ತಾ ಮಹಾರಾಣಿಗೆ?" ಟೀಚರ್ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಸೋಮವಾರ ನಾಲ್ಕನೇ ಕ್ಲಾಸೇ ಅಲ್ವಾ?"

"ಹ್ಞೂಂ ಕಣೇ. ನಿನ್ನ ಜಾಗದಲ್ಲೇ ಕೂತ್ಕೋ."

ಸಂಜೆ ಐದಕ್ಕೆ ನಮ್ಮ ಹಡಗು. ರಿಜಿಸ್ಟರಿನಲ್ಲಿ ಹೊಸ ಪುಟ ತೆಗೆದೆ. ಪ್ರತಿ ಮಗುವಿಗೂ ಪಟವನ್ನು ಬೇರೆ ಬೇರೆ ಕಡೆಗೆ ತಿರುಗಿಸಿ ಹಿಡಿಯಲು ಇಬ್ಬರು ನಿಂತರು.

"ಎಲ್ರೂ ಸಾಲಾಗಿ ಬನ್ರೋ! ಅಕ್ಕ ಕರೀತಿದ್ದಾರೆ!" ಬಾಗಿಲಲ್ಲಿ ಗುಬ್ಬಿ ಕೂಗಿದಳು.

ನಾನು ಇನ್ನೂ ಕರೆದಿರಲಿಲ್ಲ. ಶಾಲು ತೆಗೆದು ಕುರ್ಚಿಯ ಬೆನ್ನಿಗೆ ಹಾಕಿ, ಮೊದಲನೆಯ ಹೆಸರು ಕರೆದೆ.