ಓದದೆ ಬಿಟ್ಟ ಆರನೇ ಪುಟ

ನನಗೆ ಸಿಟ್ಟು ಬೇಗ ಬರುತ್ತದೆ. ಮೂವತ್ತು ವರ್ಷ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟವನಿಗೆ ಸಿಟ್ಟು ಬಾರದೆ ಇನ್ನೇನು ಬರುತ್ತದೆ? ಆದರೆ ಈಗ ಹೇಳುವ ವಿಷಯದಲ್ಲಿ ಬೈಸಿಕೊಳ್ಳಬೇಕಾದವನು ನಾನೇ.

ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೆ, ಐವತ್ತೈದನೇ ಇಸವಿಯಲ್ಲಿ, ಹೊಸಹಳ್ಳಿಯ ಗ್ರಂಥಾಲಯ ನನ್ನ ಕೈಗೆ ಬಂತು. ಗ್ರಂಥಾಲಯ ಎಂದರೆ ಪಂಚಾಯಿತಿಯ ಒಂದು ಕೋಣೆ, ಎರಡು ಬೀರು, ಮುಂದೊಂದು ಉದ್ದನೆಯ ಜಗಲಿ. ಶನಿವಾರ ಗಮಕ, ಭಾನುವಾರ ಮಕ್ಕಳಿಗೆ ಕಥೆ ಇಟ್ಟುಕೊಂಡಿದ್ದೆ. ಬೀರುವಿನ ಪುಸ್ತಕ ಮುಟ್ಟುವವರು ಕಡಿಮೆ. ಜನ ಸೇರುತ್ತಿದ್ದದ್ದು ದಿನಾ ಸಂಜೆ ಐದಕ್ಕೆ, ನಾನು ಪೇಪರನ್ನು ಗಟ್ಟಿಯಾಗಿ ಓದುವುದನ್ನು ಕೇಳಲು. ಪೇಪರಿನಲ್ಲಿ ಬಂದಿದೆ ಎಂದರೆ ಊರಿನವರಿಗೆ ಅರ್ಥ ಒಂದೇ: ಮೇಷ್ಟ್ರು ಓದಿದ್ದಾರೆ.

ಆರನೇ ಪುಟದಲ್ಲಿ ಸರ್ಕಾರದ ಪ್ರಕಟಣೆಗಳು ಬರುತ್ತಿದ್ದವು. ಮೊದಮೊದಲು ಅದನ್ನೂ ಓದುತ್ತಿದ್ದೆ. ಪಂಚಾಯಿತಿ ಅಧ್ಯಕ್ಷ ದೊಡ್ಡಣ್ಣ ಬಾಯಿ ತೆರೆದು ಆಕಳಿಸುತ್ತಿದ್ದ. "ಅಯ್ಯೋ, ಆ ಸರ್ವೆ ನಂಬರ್ ಪುರಾಣ ಯಾರಿಗ್ ಬೇಕು ಬಿಡಿ ಮೇಷ್ಟ್ರೇ. ಆ ಕೊಲೆ ಕೇಸ್ ಏನಾಯ್ತು, ಅದನ್ನ ಓದಿ." ಹಾಗಾಗಿ ಆ ಪುಟದ ಮೇಲೆ ನಾನೊಬ್ಬನೇ ಕಣ್ಣಾಡಿಸಿ, ನಮ್ಮೂರ ಹೆಸರಿದ್ದರೆ ಮಾತ್ರ ಓದುವುದೆಂದು ಮಾಡಿಕೊಂಡೆ.

ಆ ಪುಟ ಬೇಕಾಗಿದ್ದವಳು ಲಿಂಗಮ್ಮ ಒಬ್ಬಳೇ. ಗಂಡ ಮುನಿಯಣ್ಣ ತೀರಿಕೊಂಡ ಮೇಲೆ ಊರಾಚೆಯ ಒಂದೆಕರೆ ಬಾವಿ ತೋಟದಲ್ಲಿ ಕನಕಾಂಬರ ಬೆಳೆದು, ಬೆಳಗಾಗುವ ಮುಂಚೆ ಮಾರ್ಕೆಟ್ಟಿಗೆ ಹೂ ಹೊತ್ತು ಬದುಕುತ್ತಿದ್ದಳು. ಅತ್ತ ರಾಜಾಜಿನಗರ ಬಡಾವಣೆಗೆಂದು ಸರ್ಕಾರ ಹೊಲಗಳನ್ನು ವಶಪಡಿಸಿಕೊಂಡದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ದಿನಾ ಓದು ಮುಗಿದ ಮೇಲೆ ಕೇಳುತ್ತಿದ್ದಳು: "ಮೇಷ್ಟ್ರೇ, ನಮ್ ಕಡೇದೇನಾದ್ರೂ ಬಂದೈತಾ?"

"ಇಲ್ಲಮ್ಮ, ದಿನಾ ಎಷ್ಟು ಸಲ ಹೇಳ್ಬೇಕು ನಿಂಗೆ!" ಎಂದು ಗದರಿದರೆ ಸಮಾಧಾನವಾಗಿ, ಸೆರಗು ಕೊಡವಿಕೊಂಡು ಎದ್ದು ಹೋಗುತ್ತಿದ್ದಳು.

ಮರುವರ್ಷ ಫೆಬ್ರವರಿಯಲ್ಲಿ ಗ್ರಂಥಾಲಯದ ವಾರ್ಷಿಕೋತ್ಸವ ಜೋರಾಗಿ ನಡೆಯಿತು. ಹರಿಕಥೆ ಇತ್ತು, ಮಕ್ಕಳ ನಾಟಕ ಇತ್ತು, ಚಪ್ಪರದ ತುಂಬ ಜನ. ಎರಡು ದಿನ ಬಿಟ್ಟು ಪೇಪರಿನಲ್ಲಿ ನಾಲ್ಕು ಸಾಲು ಬಂತು. "ಶ್ರೀ ಗಂಗಾಧರಯ್ಯನವರ ನಿಸ್ವಾರ್ಥ ಸೇವೆ ಶ್ಲಾಘನೀಯ." ಜಗಲಿಯೆಲ್ಲ ಚಪ್ಪಾಳೆ. "ಇನ್ನೊಂದ್ ಸಲ ಓದಿ ಮೇಷ್ಟ್ರೇ!" ಎಂದ ದೊಡ್ಡಣ್ಣ. ಓದಿದೆ. ತಡವಾಗಿ ಬಂದವರಿಗಾಗಿ ಮತ್ತೊಂದು ಸಲ ಓದಿದೆ. ನಾಚಿಕೆಯಾಗಲಿಲ್ಲ, ಹಿಗ್ಗಿ ಹೋಗಿದ್ದೆ. ಲಿಂಗಮ್ಮ ಎಂದಿನಂತೆ ಕೇಳಿದಳು. "ಇಲ್ಲಮ್ಮ" ಎಂದೆ. ಆರನೇ ಪುಟವನ್ನು ನಾನು ತೆರೆದೇ ಇರಲಿಲ್ಲ.

ಏಪ್ರಿಲ್‌ನಲ್ಲಿ ಸರ್ವೆಯವರು ಅಳತೆಯ ಸರಪಳಿ ತಂದು ಅವಳ ತೋಟದೊಳಗೆ ಇಳಿದರು. ಸುದ್ದಿ ಕೇಳಿ ನಾನು ಓಡುವಷ್ಟರಲ್ಲಿ ಊರೇ ಸೇರಿತ್ತು. ಲಿಂಗಮ್ಮ ಸೊಂಟಕ್ಕೆ ಸೆರಗು ಬಿಗಿದು ಅಧಿಕಾರಿಯ ಎದುರಿಗೇ ನಿಂತಿದ್ದಳು.

"ಪೇಪರ್‌ನಾಗೆ ಬಂದಿಲ್ಲ ಸಾಮಿ. ಬಂದಿದ್ರೆ ನಮ್ ಮೇಷ್ಟ್ರು ಓದ್ತಿದ್ರು. ಅಗೋ, ಬಂದ್ರು ನೋಡಿ, ಅವ್ರನ್ನೇ ಕೇಳಿ!"

ಅಧಿಕಾರಿ ತಾರೀಖು ಹೇಳಿದ. ನನ್ನ ಹೊಗಳಿಕೆ ಅಚ್ಚಾಗಿದ್ದ ದಿನವೇ ಅದು. ಗ್ರಂಥಾಲಯಕ್ಕೆ ಹೋಗಿ ಆ ದಿನದ ಪೇಪರು ಹುಡುಕಿ ತಂದೆ. ಸುಟ್ಟುಬಿಡೋಣ ಎಂಬ ಯೋಚನೆ ದಾರಿಯಲ್ಲಿ ಬರಲಿಲ್ಲ ಎಂದರೆ ಸುಳ್ಳಾದೀತು.

"ಓದಿ ಮೇಷ್ಟ್ರೇ" ಎಂದಳು ಲಿಂಗಮ್ಮ.

ಓದಿದೆ. ಹೊಸ ಬಡಾವಣೆಗಾಗಿ ಹೊಸಹಳ್ಳಿಯ ಜಮೀನು. ಲಿಂಗಮ್ಮ ಕೋಂ ಮುನಿಯಣ್ಣ, ಒಂದು ಎಕರೆ. ತಕರಾರು ಇದ್ದವರು ಮೂವತ್ತು ದಿನದೊಳಗೆ ಅರ್ಜಿ ಕೊಡತಕ್ಕದ್ದು.

"ಅವತ್ತೂ ನಾನ್ ಕೇಳಿದ್ನಲ್ಲ?"

"ಕೇಳಿದ್ದೆ ಕಣಮ್ಮ. ನಾನು ನೋಡ್ದೇನೇ ಇಲ್ಲ ಅಂದ್ಬಿಟ್ಟೆ."

"ಹೋಗ್ಲಿ ಬಿಡಿ, ಬೇಕೂಂತ ಮಾಡಿದ್ರಾ" ಎಂದು ದೊಡ್ಡಣ್ಣ ಸಮಾಧಾನಕ್ಕೆ ಬಂದ. "ಬಾಯ್ಮುಚ್ಚಯ್ಯಾ!" ಎಂದು ಅವನ ಮೇಲೆ ಹರಿಹಾಯ್ದೆ. ಅವನೇನು ಮಾಡಿದ್ದ, ಪಾಪ.

ಅಧಿಕಾರಿ ಕೆಟ್ಟವನಲ್ಲ. "ಬಾವಿ ತೋಟ ಅಂತ ಟೈಮಿಗೆ ಅರ್ಜಿ ಕೊಟ್ಟಿದ್ರೆ ಬಿಡ್ತಿದ್ರಮ್ಮ. ಆ ಕಡೆ ಬೈರಯ್ಯನ ತೋಟ ಬಿಟ್ಟಿದಾರೆ. ಈಗ ನನ್ ಕೈಲಿಲ್ಲ" ಎಂದ. ಬೈರಯ್ಯನಿಗೆ ಓದು ಬಲ್ಲ ಅಳಿಯನಿದ್ದ.

ಮಾರನೆಯ ದಿನ ಅವಳನ್ನು ಕರೆದುಕೊಂಡು ಕಚೇರಿಗೆ ಹೋದೆ. ತಪ್ಪು ನನ್ನದು, ಅವಳದಲ್ಲ ಎಂದು ಬರೆದುಕೊಟ್ಟೆ. ಗುಮಾಸ್ತ ಅದನ್ನು ನನ್ನ ಕಡೆಗೇ ತಳ್ಳಿದ. "ಪ್ರಕಟ ಆದ್ಮೇಲೆ ಮುಗೀತು ಸಾರ್. ನೀವು ಓದಿದ್ರೋ ಬಿಟ್ರೋ, ನಮಗೇನು?" ವಾಪಸು ಬರುವಾಗ ದಾರಿಯುದ್ದಕ್ಕೂ ಲಿಂಗಮ್ಮ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಅಂದಿನಿಂದ ಆರನೇ ಪುಟವನ್ನೇ ಮೊದಲು ಓದತೊಡಗಿದೆ. ಯಾರೂ ಆಕಳಿಸಲಿಲ್ಲ. ಆದರೆ ಲಿಂಗಮ್ಮ ಜಗಲಿಗೆ ಬರಲಿಲ್ಲ. ನಾಲ್ಕು ದಿನ ಕಾದು, ತಡೆಯಲಾರದೆ ತೋಟಕ್ಕೆ ಹೋದೆ. ಕಲ್ಲು ನೆಟ್ಟು ಗುರುತು ಮಾಡಿ ಹೋಗಿದ್ದರು. ಅವಳು ಹೂ ಬಿಡಿಸುತ್ತಿದ್ದಳು.

"ಸಂಜೆ ಬಾ ಲಿಂಗಮ್ಮ" ಎಂದೆ. "ಈಗ ಒಂದಕ್ಷರ ಬಿಡೋದಿಲ್ಲ. ಪ್ರಕಟಣೆ ಎಲ್ಲಾ ಓದ್ತೀನಿ."

ಅವಳು ತಲೆಯೆತ್ತಿ ನೋಡಿದಳು. ಸಿಟ್ಟಿರಲಿಲ್ಲ.

"ಓದಿ ಮೇಷ್ಟ್ರೇ, ಬೇರೆಯೋರಿಗೆ ಬೇಕಾಗ್ತೈತೆ" ಎಂದಳು. "ನಾನ್ ಬಂದು ಏನ್ ಕೇಳ್ಲಿ? ನಂದು ಬರೋದು ಬಂದಾಯ್ತಲ್ಲ."