ಡಯಾಟ್ರೈಬ್‌ಗೆ ಒಂದು ಉದಾಹರಣೆ

ಹನ್ನೊಂದೂ ಹತ್ತಕ್ಕೆ ಇಂಗ್ಲಿಷ್ ಲೆಕ್ಚರರ್ ಅಮರ್ ಬೈಯುವುದನ್ನು ನಿಲ್ಲಿಸಿದ. ಡಿಗ್ರಿ ಎರಡನೇ ವರ್ಷದ ಮಕ್ಕಳೆಲ್ಲ ಅವನನ್ನೇ ನೋಡುತ್ತಿದ್ದರು. ಯಾರೂ ನಗಲಿಲ್ಲ.

ಬೋರ್ಡಿನ ಮೇಲೆ ಒಂದೇ ಶಬ್ದವಿತ್ತು: ಡಯಾಟ್ರೈಬ್. ಸಿಟ್ಟಿನಲ್ಲಿ ಒಬ್ಬರನ್ನು ಉದ್ದಕ್ಕೆ ಖಂಡಿಸುವ ಮಾತು ಎಂದು ಅರ್ಥ ಹೇಳಿದ್ದ. ಮಂಗಲಾ ಎಂಬ ಹುಡುಗಿ ಕ್ಲಾಸಿನ ರೂಢಿ ಮರೆತು ಕನ್ನಡದಲ್ಲೇ ಕೇಳಿದ್ದಳು: 'ಒಂದು ಎಗ್ಸಾಂಪಲ್ ಹೇಳ್ರಿ ಸರ್.'

ಉದಾಹರಣೆಯೂ ಕನ್ನಡದಲ್ಲೇ ಬಂತು. ಕಾಲೇಜಿನ ಮಾಲೀಕ ಕಾಶಿನಾಥ, ಹೆರಿಗೆ ರಜೆ ಕೇಳಿದ ತಪ್ಪಿಗೆ ಸ್ವರೂಪಾ ಮೇಡಂ ಅವರನ್ನು ನಿನ್ನೆ ಕೆಲಸದಿಂದ ತೆಗೆದದ್ದು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಚಹಾ ಕುಡಿಯುತ್ತ ಕೂತದ್ದು. ಮೊದಲೆರಡು ವಾಕ್ಯ ಪಾಠವಾಗಿತ್ತು. ಆಮೇಲಿನದು ಪಾಠವಾಗಿರಲಿಲ್ಲ.

ತೆಲಂಗಾಣದ ಗಡಿಯ ಜಹೀರಾಬಾದಿನ ಈ ಕಾಲೇಜಿನಲ್ಲಿ ಮಾತಿಗೊಂದು ವ್ಯವಸ್ಥೆ ಇತ್ತು. ಪಾಠ ಇಂಗ್ಲಿಷಿನಲ್ಲಿ, ವಿವರಣೆ ತೆಲುಗಿನಲ್ಲಿ, ಪ್ಯೂನ್ ಜೊತೆ ಉರ್ದು. ಕನ್ನಡ ಮನೆಯಲ್ಲಿ. ಅಮರ್ ನಾರಾಯಣಖೇಡದವ, ಕಾಶಿನಾಥ ರಾಯಿಕೋಡದವ. ಇಬ್ಬರದೂ ಮನೆಮಾತು ಕನ್ನಡ. ಆದರೂ ಇಷ್ಟು ವರ್ಷದಲ್ಲಿ ಒಬ್ಬರೊಡನೊಬ್ಬರು ಒಂದು ಕನ್ನಡ ಮಾತು ಆಡಿರಲಿಲ್ಲ. ತೆಲುಗಿನಲ್ಲಿ ಅಮರ್ ಎಚ್ಚರದ ಮನುಷ್ಯ. ಕನ್ನಡದಲ್ಲಿ ಎಚ್ಚರವಾಗಿದ್ದು ರೂಢಿ ಇರಲಿಲ್ಲ.

ಬಾಗಿಲಾಚೆ ವರಾಂಡದಲ್ಲಿ ಬೆಳಿಗ್ಗೆಯಿಂದ ತಾಂಡೂರು ಕಲ್ಲಿನ ನೆಲಕ್ಕೆ ಪಾಲಿಶ್ ನಡೆದಿತ್ತು. ಯಂತ್ರದ ಸದ್ದು ಈಗ ಇರಲಿಲ್ಲ. ಅದು ಯಾವಾಗ ನಿಂತಿತೆಂಬುದು ಅವನಿಗೆ ನೆನಪಾಗಲಿಲ್ಲ.

ಯಾರಾದರೂ ರೆಕಾರ್ಡ್ ಮಾಡಿದಿರಾ ಎಂದು ಕೇಳಲು ಬಾಯಿ ತೆರೆದ. ಕೇಳಿದರೆ ಹೆದರಿದ್ದೇನೆಂದು ಗೊತ್ತಾಗುತ್ತಿತ್ತು. ಬೋರ್ಡ್ ಒರೆಸಿದ.

ಮಧ್ಯಾಹ್ನ ಸ್ವರೂಪಾಳ ಫೋನ್ ಬಂತು.

'ಹುಡುಗ್ರು ಹೇಳಿದ್ರು ಸರ್. ಒಬ್ಬರಾದ್ರೂ ಅಂದ್ರಲ್ಲ.'

'ಅದು ಪಾಠ ರೀ ಮೇಡಂ.'

'ಪಾಠಾನೇ ಇರ್ಲಿ. ನಾಳೆ ಲೇಬರ್ ಆಫೀಸಿಗೆ ಹೊಂಟೀನಿ. ಅಲ್ಲಿ ಬಂದು ಇದೇ ಮಾತು ಹೇಳ್ತೀರೇನು?'

'ಹಲೋ? ಇಲ್ಲಿ ನೆಟ್‌ವರ್ಕ್ ಇಲ್ರಿ.'

'ನನಗ ಚಲೋ ಕೇಳಸಾಕತ್ತದರಿ ಸರ್.'

ಅವನು ಫೋನ್ ಇಟ್ಟ. ಡಬ್ಬಿ ಬಿಚ್ಚಿದ. ರೊಟ್ಟಿ ಮುರಿಯದೆ ಮತ್ತೆ ಮುಚ್ಚಿದ.

ಮೂರಕ್ಕೆ ಪ್ಯೂನ್ ಬಂದು ಸಾಹೇಬರು ಕರೆಯುತ್ತಾರೆಂದ. ತೆಲುಗಿನಲ್ಲಿ ಒಂದು ಕ್ಷಮಾಪಣೆಯನ್ನು ಹೊಂದಿಸಿಕೊಂಡು ಅಮರ್ ಹೋದ.

'ಬರ್ರಿ ಅಮರ್ ಸರ್, ಕೂಡ್ರಿ,' ಎಂದ ಕಾಶಿನಾಥ. ಕನ್ನಡದಲ್ಲಿ.

ಹೊಂದಿಸಿಕೊಂಡದ್ದೆಲ್ಲ ಹೋಯಿತು. ಕುರ್ಚಿಯ ತುದಿಗೆ ಕೂತ.

'ಊಟ ಆತೇನ್ರಿ?'

'ಆತ್ರಿ.'

'ಮುಂಜಾನೆ ಮಷಿನ್ ನಾನೇ ಬಂದ್ ಮಾಡಿಸಿದ್ದೆ. ಹುಡುಗ್ರಿಗೆ ಪಾಠ ಕೇಳ್ಲಿ ಅಂತ. ಅದೇನೋ ಶಬ್ದ ಹೇಳಿದ್ರಲ್ಲ, ಎಲ್ಲೀದರಿ ಅದು?'

'ಗ್ರೀಕಿಂದ ಬಂದದ್ದು ರೀ. ಮೂಲದಾಗ ಉಜ್ಜೋದು, ಸವೆಸೋದು. ಹೊತ್ತು ಸವೆಸೋದು. ಆಮ್ಯಾಲ ಗುರುಗಳು ಶಿಷ್ಯರು ಕೂತು ಮಾಡೋ ಚರ್ಚಾಕ್ಕ ಹಂಗಂದ್ರು. ಇಂಗ್ಲಿಷಿನಾಗ ಬೈಗುಳ ಅನ್ನೋ ಅರ್ಥ ಬಂದು ಇನ್ನೂರು ವರ್ಷ ಆಗಿರಬೇಕ್ರಿ.'

'ಅಂದ್ರ ಟೈಮ್ ಪಾಸ್.'

ಅಮರ್ ಆ ಮುಖ ನೋಡಿದ. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಸುಲಭವಾಗುತ್ತಿತ್ತು.

'ಹೌದ್ರಿ,' ಎಂದ.

'ನಾಳೆ ಯಾರಾರ ಕೇಳಿದ್ರ ಹಿಂಗೇ ಹೇಳ್ರಿ. ನೀವು ನಮ್ಮ ಕಡಿಯವ್ರು.' ಕಾಶಿನಾಥ ಚಹಾದ ಕಪ್ಪನ್ನು ಅವನ ಕಡೆ ಸರಿಸಿದ. ಅಮರ್ ಕುಡಿದ.

ಹೊರಗೆ ಯಂತ್ರ ಮತ್ತೆ ಶುರುವಾಗಿತ್ತು. ವರಾಂಡದ ತುಂಬ ಕಲ್ಲಿನ ಬೂದು ಕೆಸರು. ದಾಟಿ ಕ್ಲಾಸಿನ ಬಾಗಿಲಿಗೆ ಬಂದು ಹಿಂತಿರುಗಿ ನೋಡಿದ. ಸಾಹೇಬರ ಕೋಣೆಯಿಂದ ಅಲ್ಲಿಯವರೆಗೆ ಅವನ ಹೆಜ್ಜೆಗಳು ಕೆಸರಿನಲ್ಲಿ ಮೂಡಿದ್ದವು. ಕೆಲಸದವನು ಯಾರನ್ನೂ ನೋಡದೆ ಯಂತ್ರವನ್ನು ಅವುಗಳ ಮೇಲೆ ತಂದ. ಒಂದೊಂದೇ ಹೆಜ್ಜೆ ಹೋಯಿತು. ಕಲ್ಲು ಹೊಳೆಯಿತು.

ಮರುದಿನ ಸ್ವರೂಪಾಳ ಪಿರಿಯಡ್‌ಗಳನ್ನು ಅಮರ್‌ಗೆ ಕೊಟ್ಟರು. ಲೇಬರ್ ಆಫೀಸಿನಿಂದ ಅವಳ ಫೋನ್ ಬಂದಾಗ ಅವನು ಅವಳ ಕ್ಲಾಸಿನಲ್ಲಿ ಹಾಜರಿ ಕರೆಯುತ್ತಿದ್ದ.